ಒಂದು ಸಿನಿಮಾ ಮಾಡಿದ್ದಾಯ್ತು, ಪ್ರೊಡಕ್ಷನ್ ಕಂಪನಿ ಬೆಳೆಸುವುದು ಹೇಗೆ?

ಪದೇ ಪದೇ ಇದೇ ಪ್ರಶ್ನೆ ಬರುತ್ತಿದೆ. "ಎರಡು ಶಾರ್ಟ್ ಫಿಲ್ಮ್ ಮಾಡಿದ್ದೀವಿ, ಜಾಹೀರಾತು ಕೆಲಸವೂ ಬರ್ತಿದೆ, ಇದನ್ನ ಕಂಪನಿ ಮಾಡೋದು ಹೇಗೆ?" ಅಂತ ಕೆಲವರು. "ಒಂದು ಸಿನಿಮಾ ರಿಲೀಸ್ ಆಯ್ತು, ಹಾಕಿದ ದುಡ್ಡು ಪೂರ್ತಿ ಬರಲಿಲ್ಲ, ಎರಡನೆಯದಕ್ಕೆ ಕೈ ಹಾಕೋದಾ ಬೇಡವಾ?" ಅಂತ ಇನ್ನು ಕೆಲವರು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿದೆ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ಮೊದಲೇ ಒಂದು ಮಾತು. ಬ್ಯಾನರ್ ಬೇರೆ, ಕಂಪನಿ ಬೇರೆ. ಬ್ಯಾನರ್ ಅಂದರೆ ಪೋಸ್ಟರ್ ಮೇಲಿನ ಹೆಸರು. ಒಂದು ಸಿನಿಮಾಗಾಗಿ ಹುಟ್ಟಿ, ಅದರ ಜೊತೆಗೇ ಮಲಗಿಬಿಟ್ಟ ಬ್ಯಾನರ್‌ಗಳು ಗಾಂಧಿನಗರದಲ್ಲಿ ಲೆಕ್ಕವಿಲ್ಲದಷ್ಟಿವೆ. ಕಂಪನಿ ಹಾಗಲ್ಲ. ಶೂಟಿಂಗ್ ಇಲ್ಲದ ತಿಂಗಳಲ್ಲೂ ಅದು ಆಫೀಸಿನ ಬಾಡಿಗೆ ಕಟ್ಟುತ್ತದೆ. ಅದರ ಬೀರುವಿನಲ್ಲಿ ನಾಳೆಯೂ ಮಾರಬಹುದಾದ ಹಕ್ಕುಗಳ ಕಾಗದ ಇರುತ್ತದೆ. ಇಲ್ಲಿ ಹೇಳುತ್ತಿರುವುದು ಕಂಪನಿಯ ಬಗ್ಗೆ.

ಶುರು ಮಾಡುವ ಮುಂಚೆ ಮೂರು ಜನ ಗೊತ್ತಿರಬೇಕು: ಸಿನಿಮಾ ಲೆಕ್ಕ ನೋಡಿ ಅಭ್ಯಾಸವಿರುವ ಆಡಿಟರ್, ಕಾಪಿರೈಟ್ ಒಪ್ಪಂದ ಬರೆಯಬಲ್ಲ ವಕೀಲರು, ಸೆಟ್‌ನಲ್ಲಿ ದುಡ್ಡು ಸೋರದಂತೆ ನೋಡಿಕೊಳ್ಳುವ ಪ್ರೊಡಕ್ಷನ್ ಮ್ಯಾನೇಜರ್. ಇದರ ಜೊತೆಗೆ ಆರು ತಿಂಗಳ ಆಫೀಸ್ ಖರ್ಚು ಬ್ಯಾಂಕಿನಲ್ಲಿರಲಿ. ಕ್ಯಾಮೆರಾ ಈ ಪಟ್ಟಿಯಲ್ಲಿಲ್ಲ. ದಯವಿಟ್ಟು ಕ್ಯಾಮೆರಾ ಕೊಳ್ಳಬೇಡಿ. ಬಾಡಿಗೆಗೆ ಸಿಗುತ್ತದೆ, ಎರಡು ವರ್ಷಕ್ಕೆ ಹೊಸ ಮಾಡೆಲ್ ಬರುತ್ತದೆ, ನಿಮ್ಮ ಬಂಡವಾಳ ಪೆಟ್ಟಿಗೆಯಲ್ಲೇ ಹಳತಾಗುತ್ತದೆ.

1. ಯಾವ ರೂಪದ ಸಂಸ್ಥೆ?

ಒಬ್ಬರೇ ಮಾಲೀಕರಾಗಿ ನಡೆಸುವುದು ಸುಲಭ. ಕಾಗದದ ಕೆಲಸ ಕಡಿಮೆ. ಆದರೆ ಸಾಲ ಬಂದರೆ ಅದು ನಿಮ್ಮ ಮನೆ, ಸೈಟಿನವರೆಗೂ ಬರುತ್ತದೆ. ಜಾಹೀರಾತು, ಮದುವೆ ವಿಡಿಯೋ ಮಟ್ಟಕ್ಕೆ ಇದು ಸಾಕು. ಬೇರೆಯವರ ದುಡ್ಡು ಒಳಗೆ ಬರುವ ದಿನ ಸಾಲುವುದಿಲ್ಲ.

ಇಬ್ಬರು, ಮೂವರು ಸ್ನೇಹಿತರಿದ್ದರೆ ಎಲ್‌ಎಲ್‌ಪಿ ಚೆನ್ನಾಗಿ ಹೊಂದುತ್ತದೆ. ಇದು ಪಾಲುದಾರಿಕೆಯೇ, ಆದರೆ ಸಂಸ್ಥೆಯ ಸಾಲಕ್ಕೆ ಸಾಮಾನ್ಯವಾಗಿ ನೀವು ಹಾಕಿದ ಬಂಡವಾಳದ ಮಟ್ಟಿಗೆ ಮಾತ್ರ ಹೊಣೆ. ಕನಿಷ್ಠ ಇಬ್ಬರು ಬೇಕು. ವಹಿವಾಟು ವರ್ಷಕ್ಕೆ 40 ಲಕ್ಷ ಮೀರದಿದ್ದರೆ, ಬಂಡವಾಳವೂ 25 ಲಕ್ಷ ದಾಟದಿದ್ದರೆ, ಎಲ್‌ಎಲ್‌ಪಿ ಕಾನೂನಿನ ಪ್ರಕಾರ ಆಡಿಟ್ ಕಡ್ಡಾಯವಲ್ಲ. ಹೂಡಿಕೆದಾರರಿಗೆ ಷೇರು ಕೊಡುವ ಯೋಚನೆ ಇದ್ದರೆ ಮಾತ್ರ ಪ್ರೈವೇಟ್ ಲಿಮಿಟೆಡ್ ಕಡೆ ಹೋಗಿ. ಅದರಲ್ಲಿ ವರ್ಷದ ಲೆಕ್ಕಪತ್ರ ತಡವಾದರೆ ಒಂದೊಂದು ಫಾರ್ಮ್‌ಗೂ ದಿನಕ್ಕೆ 100 ರೂಪಾಯಿ ದಂಡ. ಕೆಲಸವೇ ಇಲ್ಲದ ವರ್ಷದಲ್ಲೂ ಇದು ನಿಲ್ಲುವುದಿಲ್ಲ. "ಕಂಪನಿ ಸುಮ್ನೆ ಇದೆ" ಅಂತ ಅಂದುಕೊಂಡಿದ್ದವರು ಮೂರು ವರ್ಷದ ಮೇಲೆ ನೋಡಿದರೆ ದಂಡವೇ ಲಕ್ಷ ದಾಟಿರುತ್ತದೆ.

ಮೊದಲ ದಿನವೇ ಮಾಡಬೇಕಾದ್ದು ಉದ್ಯಮ್ ನೋಂದಣಿ. ಇದು ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ. ಆನ್‌ಲೈನ್, ಉಚಿತ. ಯಾಕೆ ಬೇಕು ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ಕಡ್ಡಾಯ. ಚಾನೆಲ್‌ಗಳು ಅದಕ್ಕೂ ಮುಂಚೆಯೇ ಜಿಎಸ್‌ಟಿ ನಂಬರ್ ಕೇಳುವುದು ಜಾಸ್ತಿ.

2. ಹೆಸರು, ಬ್ಯಾನರ್, ಟೈಟಲ್

ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ, ಅಂದರೆ ಎಲ್ಲರೂ ಚೇಂಬರ್ ಅನ್ನುವ ಕಡೆ, ಬ್ಯಾನರ್ ನೋಂದಾಯಿಸಿ ಸದಸ್ಯತ್ವ ಪಡೆಯಿರಿ. ಸಿನಿಮಾದ ಹೆಸರು, ಅಂದರೆ ಟೈಟಲ್ ನೋಂದಾಯಿಸುವುದೂ ಅಲ್ಲೇ. ಆ ನೋಂದಣಿಯ ಅವಧಿ, ನವೀಕರಣದ ದಿನಾಂಕವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಇಲ್ಲಿ ಒಂದು ಗೊಂದಲ ಸಾಮಾನ್ಯ. ಚೇಂಬರ್ ನೋಂದಣಿ ಉದ್ಯಮದ ಒಳಗಿನ ಶಿಸ್ತು. ಅದು ಟ್ರೇಡ್‌ಮಾರ್ಕ್ ಅಲ್ಲ. ಕಂಪನಿಯ ಹೆಸರು, ಲೋಗೋ ಹತ್ತು ವರ್ಷ ನಿಮ್ಮದಾಗಿಯೇ ಉಳಿಯಬೇಕಾದರೆ ಟ್ರೇಡ್‌ಮಾರ್ಕ್ ಅರ್ಜಿ ಬೇರೆ ಹಾಕಬೇಕು. ಮನರಂಜನೆ ಸೇವೆಗೆ 41ನೇ ವರ್ಗ.

3. ತಿಂಗಳ ದುಡ್ಡು ಎಲ್ಲಿಂದ?

ಸಿನಿಮಾ ಯಾವತ್ತೂ ತಿಂಗಳ ಸಂಬಳ ಕೊಡುವುದಿಲ್ಲ. ಮುಹೂರ್ತದಿಂದ ಬಿಡುಗಡೆಗೆ ಒಂದೂವರೆ ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಅಲ್ಲಿಯವರೆಗೆ ಕಂಪನಿಗೆ ಊಟ ಹಾಕುವುದು ಜಾಹೀರಾತು, ಸಂಸ್ಥೆಗಳ ಪ್ರಚಾರ ಚಿತ್ರ, ಸಾಕ್ಷ್ಯಚಿತ್ರ, ಕಿರುತೆರೆ. ಇವನ್ನು ಕೀಳಾಗಿ ನೋಡಬೇಡಿ.

ಕಿರುತೆರೆಯ ಲೆಕ್ಕ ಅರ್ಥ ಮಾಡಿಕೊಳ್ಳಿ. ಈಗ ಹೆಚ್ಚಿನ ಧಾರಾವಾಹಿಗಳು ಕಮಿಷನ್ಡ್ ಪದ್ಧತಿಯವು. ಅಂದರೆ ಚಾನೆಲ್ ಎಪಿಸೋಡಿಗೆ ಇಷ್ಟು ಅಂತ ಕೊಡುತ್ತದೆ, ನೀವು ಮಾಡಿಕೊಡುತ್ತೀರಿ, ಹಕ್ಕು ಚಾನೆಲ್‌ನದ್ದು. ಇದರಲ್ಲಿ ನಷ್ಟದ ಭಯ ಕಡಿಮೆ, ಆಸ್ತಿಯೂ ಉಳಿಯುವುದಿಲ್ಲ. ಇನ್ನೊಂದು ಸ್ಲಾಟ್ ಪದ್ಧತಿ. ಸಮಯವನ್ನು ನೀವೇ ಕೊಂಡು, ಅದರೊಳಗಿನ ಜಾಹೀರಾತು ಸೆಕೆಂಡುಗಳನ್ನು ನೀವೇ ಮಾರುವುದು. ಹಕ್ಕು ನಿಮ್ಮ ಹತ್ತಿರವೇ ಉಳಿಯಬಹುದು, ತಲೆನೋವೂ ನಿಮ್ಮದೇ. ಜಾಹೀರಾತು ತರುವ ಮಾರ್ಕೆಟಿಂಗ್ ಜನ ಇಲ್ಲದೆ ಇದಕ್ಕೆ ಇಳಿಯಬೇಡಿ.

ಕಮಿಷನ್ಡ್ ಧಾರಾವಾಹಿ ಸಿಕ್ಕಿತು ಅಂತ ಸಿಹಿ ಹಂಚುವ ಮುಂಚೆ ಈ ಲೆಕ್ಕ ಹಾಕಿ. ಎಪಿಸೋಡಿಗೆ ನಿಮ್ಮ ಖರ್ಚು 1 ಲಕ್ಷ ಅಂತ ಸುಮ್ನೆ ಇಟ್ಟುಕೊಳ್ಳೋಣ. ತಿಂಗಳಿಗೆ 25 ಎಪಿಸೋಡ್. ಅಲ್ಲಿಗೆ 25 ಲಕ್ಷ. ಬಿಲ್ ಮೂರು ತಿಂಗಳು ತಡವಾಗಿ ಪಾಸಾದರೆ 75 ಲಕ್ಷ ನಿಮ್ಮ ಕೈಯಿಂದ ಹೋಗಿರುತ್ತದೆ. ಇದರ ಮೇಲೆ ಬ್ಯಾಂಕ್ ಎಪಿಸೋಡ್ ಬೇರೆ. ಇಲ್ಲಿ ಬ್ಯಾಂಕ್ ಅಂದರೆ ಪ್ರಸಾರಕ್ಕೆ ಮುಂಚೆ ಚಿತ್ರೀಕರಿಸಿ ಇಟ್ಟಿರುವ ದಾಸ್ತಾನು. ಕಲಾವಿದರಿಗೆ ಜ್ವರ ಬಂದರೂ ಪ್ರಸಾರ ನಿಲ್ಲಬಾರದಲ್ವಾ, ಅದಕ್ಕೆ. ಹಾಗಾಗಿ ಧಾರಾವಾಹಿ ಲಾಭದಲ್ಲಿದ್ದೂ ಕಂಪನಿ ಮುಳುಗುವುದು ಸಾಧ್ಯ. ಕಾಗದದ ಮೇಲೆ ಲಾಭ, ಕೈಯಲ್ಲಿ ಬಾಟಾ ಕೊಡಲೂ ದುಡ್ಡಿಲ್ಲ. ಬಾಟಾ ಅಂದರೆ ಕೆಲಸಗಾರರಿಗೆ ಆಯಾ ದಿನವೇ ಕೊಡಬೇಕಾದ ದಿನಭತ್ಯೆ.

ಇಲ್ಲೇ ಉದ್ಯಮ್ ನೋಂದಣಿ ಕೆಲಸಕ್ಕೆ ಬರುವುದು. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಬರಬೇಕಾದ ಹಣವನ್ನು, ಒಪ್ಪಂದದಲ್ಲಿ ಏನೇ ಬರೆದಿದ್ದರೂ, 45 ದಿನದೊಳಗೆ ಕೊಡಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ದೊಡ್ಡ ಚಾನೆಲ್ ಮೇಲೆ ದೂರು ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ, ನಿಜ. ಆದರೆ ಬಿಲ್ ಮೇಲೆ ಉದ್ಯಮ್ ನಂಬರ್ ಅಚ್ಚು ಹಾಕಿಸಿ. ಸಮಯಕ್ಕೆ ಪಾವತಿಸದಿದ್ದರೆ ಆ ವರ್ಷ ಅದನ್ನು ಖರ್ಚಾಗಿ ತೋರಿಸಲು ಅವರಿಗೆ ಆದಾಯ ತೆರಿಗೆಯಲ್ಲಿ ತೊಡಕಾಗುತ್ತದೆ. ಅವರ ಅಕೌಂಟ್ಸ್ ವಿಭಾಗಕ್ಕೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಪ್ಪಂದದಲ್ಲಿ ಇನ್ನೊಂದು ನೋಡಿ. ಟಿಆರ್‌ಪಿ ಬಿದ್ದರೆ ಚಾನೆಲ್ ಎಷ್ಟು ದಿನದ ನೋಟಿಸ್ ಕೊಟ್ಟು ನಿಲ್ಲಿಸಬಹುದು? ಮನೆ ಸೆಟ್ ಹಾಕಿದ ಖರ್ಚು ಯಾರದ್ದು? ಕನಿಷ್ಠ ಇಷ್ಟು ಎಪಿಸೋಡ್ ಅಂತ ಬರೆಸಿಕೊಳ್ಳಲು ಆಗದಿದ್ದರೆ, ಸೆಟ್ ಖರ್ಚನ್ನಾದರೂ ಬೇರೆಯಾಗಿ ಕೇಳಿ.

4. ಹಕ್ಕು: ಕಂಪನಿಯ ನಿಜವಾದ ಆಸ್ತಿ

ಉಳಿದದ್ದೆಲ್ಲ ಬಿಟ್ಟರೂ ಇದೊಂದನ್ನು ನಿಧಾನವಾಗಿ ಓದಿ.

ಪ್ರೊಡಕ್ಷನ್ ಕಂಪನಿಯ ಹತ್ತಿರ ಜಮೀನಿಲ್ಲ, ಯಂತ್ರವಿಲ್ಲ. ಇರುವುದು ಹಕ್ಕು ಮಾತ್ರ. ಸಿನಿಮಾದ ಕಾಪಿರೈಟ್ ನಮ್ಮಲ್ಲಿ ಬಿಡುಗಡೆಯ ನಂತರ 60 ವರ್ಷ ಇರುತ್ತದೆ. ಹಳೆಯ ಕಾಲದ ಎಷ್ಟೋ ನಿರ್ಮಾಪಕರ ಮಕ್ಕಳು ಇವತ್ತು ಅಪ್ಪನ ಸಿನಿಮಾವನ್ನು ಯೂಟ್ಯೂಬ್‌ನಲ್ಲಿ ಯಾರದೋ ಚಾನೆಲ್‌ನಲ್ಲಿ ನೋಡುತ್ತಾರೆ. ಯಾವತ್ತೋ ಬಡ್ಡಿ ಕಟ್ಟುವ ಆತುರದಲ್ಲಿ ಎಲ್ಲವನ್ನೂ ಒಟ್ಟಿಗೆ, ಶಾಶ್ವತವಾಗಿ ಮಾರಿರುತ್ತಾರೆ.

ಮೊದಲು ಒಳಗೆ ಬರುವ ಹಕ್ಕು. ಕಥೆ ಅಥವಾ ಕಾದಂಬರಿ ಕೊಳ್ಳುವಾಗ ಬಾಯಿಮಾತು ನಡೆಯುವುದಿಲ್ಲ. ಬರಹದಲ್ಲಿರಬೇಕು, ಸಹಿ ಇರಬೇಕು. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಮೂರು ಬಲೆಗಳಿವೆ. ಅವಧಿ ಬರೆಯದಿದ್ದರೆ ಹಕ್ಕು ಐದು ವರ್ಷಕ್ಕೆ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕೊಂಡ ಹಕ್ಕನ್ನು ಒಂದು ವರ್ಷದಲ್ಲಿ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಅದು ವಾಪಸ್ ಹೋಗುತ್ತದೆ. ಕಥೆ ಕೊಂಡು ಹೀರೋ ಡೇಟ್ಸ್‌ಗೆ ಎರಡು ವರ್ಷ ಕಾದವರು ಈ ಮೂರನೆಯದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಮೂರನ್ನೂ ಒಪ್ಪಂದದಲ್ಲಿ ಬಿಡಿಸಿ ಬರೆಸಿ.

ಸಂಬಳಕ್ಕಿರುವ ನೌಕರ ಬರೆದದ್ದು ಸಾಮಾನ್ಯವಾಗಿ ಕಂಪನಿಯದ್ದಾಗುತ್ತದೆ. ಆದರೆ ನಮ್ಮಲ್ಲಿ ಸಂಭಾಷಣೆಯವರು, ಗೀತರಚನೆಕಾರರು, ಸಂಗೀತ ನಿರ್ದೇಶಕರು ಯಾರೂ ನೌಕರರಲ್ಲ. ಎಲ್ಲರ ಹತ್ತಿರವೂ ಬೇರೆ ಬೇರೆ ಸಹಿ ಬೇಕು. ನಾವೇ ಒಮ್ಮೆ ಆಡಿಯೋ ಹಕ್ಕು ಮಾರುವ ಹೊತ್ತಿಗೆ ಒಂದು ಹಾಡಿನ ಸಹಿ ಇಲ್ಲ ಅಂತ ಗೊತ್ತಾಗಿ, ಆ ಒಂದು ಕಾಗದಕ್ಕೆ ಮೂರು ವಾರ ಅಲೆದಿದ್ದೆವು. ಈಗ ನಮ್ಮಲ್ಲಿ ಒಂದೇ ನಿಯಮ: ಸಹಿ ಮೊದಲು, ಅಡ್ವಾನ್ಸ್ ಆಮೇಲೆ.

ಸಂಗೀತದ ವಿಷಯದಲ್ಲಿ 2012ರ ತಿದ್ದುಪಡಿ ನೆನಪಿರಲಿ. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಬರುವುದು ಬಿಟ್ಟು, ಉಳಿದ ಬಳಕೆಗಳಿಗೆ ಗೀತರಚನೆಕಾರರು ಮತ್ತು ಸಂಗೀತ ನಿರ್ದೇಶಕರಿಗೆ ರಾಯಧನದ ಪಾಲು ಇದೆ. ಅದನ್ನು ಬಿಟ್ಟುಕೊಟ್ಟಿದ್ದೇವೆ ಅಂತ ಬರೆಸಿಕೊಂಡರೂ ನಡೆಯುವುದಿಲ್ಲ. ಹಾಗೆ ಬರೆಸುವ ಹಳೆಯ ಒಪ್ಪಂದದ ಮಾದರಿಗಳು ಇನ್ನೂ ಓಡಾಡುತ್ತಿವೆ, ಕಣ್ಣುಮುಚ್ಚಿ ಬಳಸಬೇಡಿ.

ಇನ್ನು ಹೊರಗೆ ಹೋಗುವ ಹಕ್ಕು. ಚಿತ್ರಮಂದಿರ, ಸ್ಯಾಟಲೈಟ್ ಅಂದರೆ ಟಿವಿ, ಡಿಜಿಟಲ್ ಅಂದರೆ ಓಟಿಟಿ, ಆಡಿಯೋ, ಡಬ್ಬಿಂಗ್, ರೀಮೇಕ್, ವಿದೇಶ ಪ್ರದರ್ಶನ. ಪ್ರತಿಯೊಂದೂ ಬೇರೆ ಸರಕು. ಬಿಡಿಯಾಗಿ ಮಾರಿ. ಸಾಧ್ಯವಾದಷ್ಟೂ ಅವಧಿಗೆ ಮಾರಿ: ಐದು ವರ್ಷ, ಏಳು ವರ್ಷ. ಹಿಂದಿ ಡಬ್ಬಿಂಗ್ ಕೊಡುವಾಗ ರೀಮೇಕ್ ಹಕ್ಕು ಅದರೊಳಗೆ ನುಸುಳಿದೆಯಾ ನೋಡಿ. ಆಲ್ ರೈಟ್ಸ್, ಪರ್ಪೆಚುಯಲ್ ಎನ್ನುವ ಎರಡು ಪದ ಒಂದೇ ಸಾಲಿನಲ್ಲಿ ಕಂಡರೆ ಪೆನ್ನು ಕೆಳಗಿಡಿ. ಮೊದಲನೆಯದರ ಅರ್ಥ ಎಲ್ಲ ಹಕ್ಕು, ಎರಡನೆಯದರ ಅರ್ಥ ಎಂದೆಂದಿಗೂ.

ಓಟಿಟಿಗೆ ಮಾರಿಯೇ ಬಿಡ್ತೀವಿ ಅಂತ ಬಜೆಟ್ ಹಾಕುವ ಕಾಲ ಈಗಿಲ್ಲ. ಕನ್ನಡದ ಸಣ್ಣ ಚಿತ್ರಗಳಿಗೆ ಥಿಯೇಟರ್‌ನಲ್ಲಿ ಹೇಗೆ ಹೋಯಿತು ಅಂತ ನೋಡಿಯೇ ಮಾತಾಡುತ್ತಾರೆ. ಎಷ್ಟೋ ಸಲ ಒಟ್ಟು ದುಡ್ಡಿನ ಬದಲು ನೋಡಿದಷ್ಟಕ್ಕೆ ಪಾಲು ಎನ್ನುವ ಒಪ್ಪಂದ ಮುಂದಿಡುತ್ತಾರೆ. ಆ ಸಾಲನ್ನು ಬಜೆಟ್‌ನಲ್ಲಿ ಸೊನ್ನೆ ಅಂತ ಬರೆಯಿರಿ. ಬಂದರೆ ಒಳ್ಳೆಯದೇ.

5. ಸಿನಿಮಾಗೆ ದುಡ್ಡು ತರುವಾಗ

ಗಾಂಧಿನಗರದ ಫೈನಾನ್ಸ್ ಬೇಗ ಸಿಗುತ್ತದೆ. ಬಡ್ಡಿ ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ, ಅದಕ್ಕೇ ಚಿಕ್ಕದಾಗಿ ಕೇಳುತ್ತದೆ. ನೂರಕ್ಕೆ ಎರಡು ರೂಪಾಯಿ ಅಂದರೆ 1 ಕೋಟಿಗೆ ತಿಂಗಳಿಗೆ 2 ಲಕ್ಷ. ಬಿಡುಗಡೆ 18 ತಿಂಗಳು ಎಳೆದರೆ ಬಡ್ಡಿಯೇ 36 ಲಕ್ಷ. ಇದರ ಜೊತೆ ಲ್ಯಾಬ್ ಲೆಟರ್ ಕೇಳುತ್ತಾರೆ. ಸಾಲ ತೀರುವವರೆಗೆ ಪ್ರಿಂಟ್ ಹೊರಗೆ ಬಿಡಬಾರದು ಅಂತ ಲ್ಯಾಬಿಗೆ ಬರೆದುಕೊಡುವ ಪತ್ರ ಅದು. ನೆಗೆಟಿವ್ ಕಾಲ ಹೋದರೂ ಪದ ಉಳಿದಿದೆ. ಈಗ ಆ ತಡೆ ಡಿಜಿಟಲ್ ಕಾಪಿ ಕಳಿಸುವ ಸಂಸ್ಥೆಯ ಹತ್ತಿರ ಬೀಳುತ್ತದೆ. ಬಿಡುಗಡೆಯ ಹಿಂದಿನ ರಾತ್ರಿ ಎಷ್ಟೋ ಸಿನಿಮಾಗಳು ಒದ್ದಾಡುವುದು ಇದರಿಂದಲೇ.

ಜನರಿಂದ ದುಡ್ಡು ಸೇರಿಸುವುದು ಇನ್ನೊಂದು ದಾರಿ. ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' 2013ರಲ್ಲಿ ಹಾಗೇ ತಯಾರಾಗಿ ಬಂತು. ಅದನ್ನು ನೋಡಿ "ನಮಗೂ ಹತ್ತು ಸಾವಿರ ಹಾಕಿ, ಲಾಭದಲ್ಲಿ ಪಾಲು ಕೊಡ್ತೀವಿ" ಅಂತ ಫೇಸ್‌ಬುಕ್‌ನಲ್ಲಿ ಬರೆಯಲು ಹೊರಡಬೇಡಿ. ಪ್ರೈವೇಟ್ ಲಿಮಿಟೆಡ್ ಕಂಪನಿ ಸಾರ್ವಜನಿಕವಾಗಿ ಜಾಹೀರಾತು ಕೊಟ್ಟು ಷೇರು ಮಾರುವಂತಿಲ್ಲ. ಖಾಸಗಿಯಾಗಿ ಕೊಡುವುದಾದರೂ ಒಂದು ಆರ್ಥಿಕ ವರ್ಷಕ್ಕೆ 200 ಜನರ ಮಿತಿ. ಸಾಲದ ರೂಪದಲ್ಲಿ ಊರವರಿಂದ ದುಡ್ಡು ಎತ್ತಿದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ಕೆಳಗೆ ಬರಬಹುದು, ಅದು ಜೈಲಿನವರೆಗೂ ಹೋಗುವ ಕಾಯ್ದೆ. ಬಹುಮಾನ, ಟಿಕೆಟ್, ಹೆಸರು ಹಾಕುವುದು ಇಂಥದ್ದಕ್ಕೆ ಬದಲಾಗಿ ದುಡ್ಡು ಪಡೆಯುವುದು ಬೇರೆ ಮಾತು. ಯಾವುದೇ ಆಗಲಿ, ಪೋಸ್ಟ್ ಹಾಕುವ ಮುಂಚೆ ವಕೀಲರಿಗೆ ತೋರಿಸಿ.

ಸ್ವತಂತ್ರ ಧಾಟಿಯ ಚಿತ್ರವಾದರೆ ಗೋವಾದ ಫಿಲ್ಮ್ ಬಜಾರ್ (ಈಗಿನ ಹೆಸರು ವೇವ್ಸ್ ಫಿಲ್ಮ್ ಬಜಾರ್) ನೋಡಿ. ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮ ಎನ್‌ಎಫ್‌ಡಿಸಿ 2007ರಲ್ಲಿ ಶುರು ಮಾಡಿದ್ದು. ಇಫಿ ಚಿತ್ರೋತ್ಸವದ ಜೊತೆಗೇ ನಡೆಯುತ್ತದೆ. ಅಲ್ಲಿ ಸಹನಿರ್ಮಾಪಕರನ್ನು ಹುಡುಕುವ ಮಾರುಕಟ್ಟೆ ಇದೆ, ಎಡಿಟಿಂಗ್ ಹಂತದ ಚಿತ್ರಗಳನ್ನು ಅನುಭವಿಗಳಿಗೆ ತೋರಿಸುವ ಲ್ಯಾಬ್ ಇದೆ.

ರಾಜ್ಯ ಸರ್ಕಾರದ ಸಹಾಯಧನಕ್ಕೆ ಅರ್ಜಿ ಹಾಕಿ, ಖಂಡಿತ ಹಾಕಿ. ಬಜೆಟ್‌ನಲ್ಲಿ ಮಾತ್ರ ಸೇರಿಸಬೇಡಿ. ಬರುವ ಹೊತ್ತಿಗೆ ನೀವು ಮುಂದಿನ ಸಿನಿಮಾದಲ್ಲಿರುತ್ತೀರಿ.

ಬಜೆಟ್ ಅಂದರೆ ಎರಡು ಬಜೆಟ್. ಒಂದು ಫಸ್ಟ್ ಕಾಪಿವರೆಗೆ, ಅಂದರೆ ಸಿನಿಮಾ ಪೂರ್ತಿ ಸಿದ್ಧವಾಗುವವರೆಗೆ. ಇನ್ನೊಂದು ಅಲ್ಲಿಂದ ಬಿಡುಗಡೆಗೆ: ಪ್ರಚಾರ, ಪೋಸ್ಟರ್, ಡಿಜಿಟಲ್ ಶುಲ್ಕ (ಥಿಯೇಟರ್‌ಗೆ ಡಿಜಿಟಲ್ ಕಾಪಿ ಕಳಿಸುವ ಸಂಸ್ಥೆಗೆ ಕೊಡುವುದು). ಹೊಸಬರು ಎರಡನೆಯದನ್ನು "ಆಮೇಲೆ ನೋಡೋಣ" ಅಂತ ಬಿಡುತ್ತಾರೆ. ಶೂಟಿಂಗ್ ಮುಗಿದು ಕುಂಬಳಕಾಯಿ ಒಡೆದ ದಿನ ದುಡ್ಡು ಖಾಲಿ, ಸಿನಿಮಾ ಹಾರ್ಡ್ ಡಿಸ್ಕ್‌ನಲ್ಲೇ ಉಳಿಯುತ್ತದೆ.

6. ಸೆಟ್‌ನಲ್ಲಿ

ಒಂದು ಸಿನಿಮಾ, ಒಂದು ಬ್ಯಾಂಕ್ ಖಾತೆ. ಧಾರಾವಾಹಿಯ ದುಡ್ಡು ಸಿನಿಮಾಗೆ, ಸಿನಿಮಾ ಅಡ್ವಾನ್ಸ್ ಹಳೆಯ ಸಾಲಕ್ಕೆ ಹೋಗಲು ಶುರುವಾದ ದಿನವೇ ಲೆಕ್ಕ ಕೈ ತಪ್ಪುತ್ತದೆ. ವಾರಕ್ಕೊಮ್ಮೆ ಎರಡು ಸಂಖ್ಯೆ ನೋಡಿ: ಇಲ್ಲಿಯವರೆಗೆ ಎಷ್ಟು ಹೋಯಿತು, ಮುಗಿಸಲು ಇನ್ನೆಷ್ಟು ಬೇಕು. ಎರಡನೆಯದೇ ಮುಖ್ಯ.

ಕಾನೂನಿನ ನಾಲ್ಕು ವಿಷಯ ಬೇಗ ಹೇಳಿಬಿಡುತ್ತೇನೆ. ಕಲಾವಿದರು, ತಂತ್ರಜ್ಞರಿಗೆ ಕೊಡುವಾಗ ಹಿಡಿದ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತ ಮಾಡಿದ ತೆರಿಗೆ, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು (ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ ಕೊನೆಯವರೆಗೆ ಸಮಯವಿದೆ). ಒಬ್ಬರಿಗೆ ವರ್ಷಕ್ಕೆ 50,000 ಮೀರಿ ಕೊಟ್ಟಿದ್ದರೆ ಅದರ ಪಟ್ಟಿಯನ್ನು ನಿರ್ಮಾಪಕರು ಆದಾಯ ತೆರಿಗೆ ಇಲಾಖೆಗೆ ಪ್ರತ್ಯೇಕವಾಗಿ ಕೊಡಬೇಕು, ಆಡಿಟರ್‌ಗೆ ನೆನಪಿಸಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ 2013ರ ಕಾಯ್ದೆಯ ಪ್ರಕಾರ ಲೈಂಗಿಕ ಕಿರುಕುಳ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಮತ್ತು ಯಾವ ಯೂನಿಟ್‌ನಲ್ಲಿ ಹತ್ತಕ್ಕಿಂತ ಕಡಿಮೆ ಜನ ಇರುತ್ತಾರೆ? ಮಕ್ಕಳು ನಟಿಸುವುದಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ದಿನಕ್ಕೆ 5 ಗಂಟೆ ಮೀರಬಾರದು, ಸತತ 27 ದಿನ ಮೀರಬಾರದು, ಸಂಭಾವನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿಡಬೇಕು.

ಫೂಟೇಜ್ ಮೂರು ಪ್ರತಿ. ಒಂದು ಬೇರೆ ಕಟ್ಟಡದಲ್ಲಿ.

7. ಸೆನ್ಸಾರ್ ಮತ್ತು ಬಿಡುಗಡೆ

ಸೆನ್ಸಾರ್ ಅರ್ಜಿ ಇ-ಸಿನೆಪ್ರಮಾಣ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ. 2024ರ ನಿಯಮ ಬಂದ ಮೇಲೆ ಯು/ಎ ಮೂರು ಭಾಗವಾಗಿದೆ: 7+, 13+, 16+. ಎ ಸರ್ಟಿಫಿಕೇಟ್ ಸಿಕ್ಕರೆ ಟಿವಿಯಲ್ಲಿ ಹಾಗೇ ಹಾಕಲು ಆಗುವುದಿಲ್ಲ, ಟಿವಿಗಾಗಿ ಬದಲಿಸಿ ಮತ್ತೆ ಪ್ರಮಾಣಪತ್ರ ಪಡೆಯಬೇಕು. ಸ್ಯಾಟಲೈಟ್ ಹಕ್ಕಿನ ಬೆಲೆ ಅಲ್ಲೇ ಇಳಿಯುತ್ತದೆ. ಆ ಒಂದು ದೃಶ್ಯ ಬೇಕೇ ಬೇಕಾ ಅಂತ ಸ್ಕ್ರಿಪ್ಟ್ ಹಂತದಲ್ಲೇ ನಿರ್ದೇಶಕರ ಜೊತೆ ಕೂತು ಮಾತಾಡಿ. ಬೇಕು ಅಂತಾದರೆ ಬೆಲೆ ಗೊತ್ತಿದ್ದೇ ಇಟ್ಟುಕೊಳ್ಳಿ.

ಎತ್ತು, ನಾಯಿ, ಕೋಳಿ ಯಾವುದೇ ಪ್ರಾಣಿಯನ್ನು ಬಳಸುವುದಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮುಂಚೆ ಬೇಕು. ಹಳ್ಳಿ ಕಥೆಗಳು ಇಲ್ಲಿ ಸಿಕ್ಕಿಬೀಳುತ್ತವೆ. ಹಿನ್ನೆಲೆಯಲ್ಲಿ ಹಾದುಹೋದ ಎತ್ತಿನ ಗಾಡಿಗೂ ಪ್ರಶ್ನೆ ಬರುತ್ತದೆ. ಸರ್ಟಿಫಿಕೇಟ್ ಕೈಗೆ ಬರುವವರೆಗೆ ಬಿಡುಗಡೆ ದಿನಾಂಕ ಪೋಸ್ಟರ್ ಮೇಲೆ ಹಾಕಬೇಡಿ.

ವಿತರಣೆಯಲ್ಲಿ ಮೂರು ಥರ. ಔಟ್‌ರೈಟ್ ಅಂದರೆ ವಿತರಕರು ಒಂದು ಏರಿಯಾದ ಪ್ರದರ್ಶನ ಹಕ್ಕನ್ನು ಒಂದು ಮೊತ್ತಕ್ಕೆ ಕೊಳ್ಳುವುದು. ಎಂಜಿ ಅಂದರೆ ಕನಿಷ್ಠ ಖಾತ್ರಿ ಹಣ ಕೊಟ್ಟು, ಮೇಲೆ ಬಂದದ್ದರಲ್ಲಿ ಪಾಲು. ಕಮಿಷನ್ ಅಂದರೆ ಅಪಾಯವೆಲ್ಲ ನಿಮ್ಮದು, ಅವರು ಓಡಾಟಕ್ಕೆ ಶೇಕಡಾವಾರು ತೆಗೆದುಕೊಳ್ಳುತ್ತಾರೆ. ಹೊಸ ಕಂಪನಿಗೆ ಹೆಚ್ಚಾಗಿ ಸಿಗುವುದು ಈ ಮೂರನೆಯದೇ. ಆಗ ಒಂದು ಕೆಲಸ ತಪ್ಪದೆ ಮಾಡಿ: ಪ್ರತಿದಿನದ ಡಿಸಿಆರ್ ತರಿಸಿಕೊಳ್ಳಿ. ಯಾವ ಥಿಯೇಟರ್‌ನಲ್ಲಿ, ಯಾವ ಶೋಗೆ, ಎಷ್ಟು ಟಿಕೆಟ್ ಹೋಯಿತು ಎನ್ನುವ ದಿನದ ಕಲೆಕ್ಷನ್ ವರದಿ ಅದು. ತಿಂಗಳಾದ ಮೇಲೆ ಕೇಳಿದರೆ ಯಾರ ಹತ್ತಿರವೂ ಸರಿಯಾಗಿ ಸಿಗುವುದಿಲ್ಲ.

ರಾಜ್ಯದ ತುಂಬ ಒಂದೇ ದಿನ ಬಿಡುಗಡೆ ಮಾಡಬೇಕು ಎಂಬ ಹಟ ಬೇಡ. ಪ್ರತಿ ಪರದೆಗೂ ಡಿಜಿಟಲ್ ಶುಲ್ಕ ಇದೆ, ಒಂಟಿ ಚಿತ್ರಮಂದಿರಗಳಲ್ಲಿ ಎಷ್ಟೋ ಕಡೆ ಬಾಡಿಗೆಯೂ ಇದೆ. ನಿಮ್ಮ ಕಥೆ ಮಂಡ್ಯ, ಮೈಸೂರಿನದ್ದಾದರೆ ಅಲ್ಲಿ ಮತ್ತು ಬಿಕೆಟಿಯಲ್ಲಿ ಜೋರಾಗಿ ಹೋಗಿ. ಬಿಕೆಟಿ ಅಂದರೆ ಬೆಂಗಳೂರು, ಕೋಲಾರ, ತುಮಕೂರು ಸೇರಿದ ಏರಿಯಾ.

8. ಎರಡನೆಯದು, ಮೂರನೆಯದು

ಬೆಳೆದ ಕಂಪನಿಗಳನ್ನು ನೋಡಿದರೆ ಒಂದು ವಿಷಯ ಕಾಣುತ್ತದೆ. ಹೊಂಬಾಳೆ ಫಿಲ್ಮ್ಸ್‌ನ ಮೊದಲ ಚಿತ್ರ ಬಂದದ್ದು 2014ರಲ್ಲಿ. ದೇಶವೆಲ್ಲ ಹೆಸರು ಕೇಳಿದ 'ಕೆಜಿಎಫ್' ಬಂದದ್ದು 2018ರ ಕೊನೆಗೆ. ನಡುವೆ ಬೇರೆ ಚಿತ್ರಗಳನ್ನು ಮಾಡಿಕೊಂಡು ಬಂದರು. ಕೆಆರ್‌ಜಿ ಸ್ಟುಡಿಯೋಸ್ ಮೊದಲು ವಿತರಣೆಯಲ್ಲಿ ಕಾಲೂರಿ ಆಮೇಲೆ ನಿರ್ಮಾಣಕ್ಕೆ ಬಂತು. ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ. ಬೇರೆಯವರ ಸಿನಿಮಾ ಹಂಚುವಾಗ ಯಾವ ಊರಿನಲ್ಲಿ ಏನು ಓಡುತ್ತದೆ ಅಂತ ಅವರ ದುಡ್ಡಿನಲ್ಲೇ ಗೊತ್ತಾಗುತ್ತದೆ.

ನಿಮ್ಮ ಮಟ್ಟಕ್ಕೆ ಹೀಗೆ ಮಾಡಿ. ಒಂದೇ ಸಿನಿಮಾ ಹಿಡಿದು ಕೂರುವ ಬದಲು ಮೂರು, ನಾಲ್ಕು ಕೆಲಸ ಬೇರೆ ಬೇರೆ ಹಂತದಲ್ಲಿರಲಿ. ಒಂದು ಬರವಣಿಗೆಯಲ್ಲಿ, ಒಂದು ಚಾನೆಲ್ ಮಾತುಕತೆಯಲ್ಲಿ, ಒಂದು ಶೂಟಿಂಗ್‌ನಲ್ಲಿ. ಬರವಣಿಗೆ ಅಗ್ಗದ ಹಂತ, ಅಲ್ಲಿ ಧಾರಾಳವಾಗಿರಿ. ಬರಹಗಾರರಿಗೆ ಕಾಸು ಕೊಟ್ಟು ಕೂರಿಸಿ ಮೂರು ಸಲ ತಿದ್ದಿಸಿದರೆ ಆಗುವ ಖರ್ಚು ಎರಡು ದಿನದ ಶೂಟಿಂಗ್‌ಗಿಂತ ಕಡಿಮೆ. ಮೊದಲು ಸಂಬಳಕ್ಕೆ ಇಟ್ಟುಕೊಳ್ಳಬೇಕಾದವರು ಎಡಿಟರ್ ಅಲ್ಲ, ಅಕೌಂಟೆಂಟ್. ಸಹಾಯಕರಾಗಿದ್ದವರಲ್ಲಿ ಒಬ್ಬರನ್ನು ಮುಂದಿನ ಚಿತ್ರದ ಲೈನ್ ಪ್ರೊಡ್ಯೂಸರ್ ಮಾಡಿ, ಅಂದರೆ ಆ ಚಿತ್ರದ ದಿನದ ಖರ್ಚಿನ ಪೂರ್ತಿ ಹೊಣೆ ಅವರಿಗೆ. ನೀವೇ ಎಲ್ಲ ಸೆಟ್‌ನಲ್ಲೂ ನಿಂತಿದ್ದರೆ ಎರಡು ಕೆಲಸ ಒಟ್ಟಿಗೆ ನಡೆಯುವುದಿಲ್ಲ.

ಎರಡನೆಯ ಸಿನಿಮಾದ ಅಡ್ವಾನ್ಸ್ ಚೆಕ್ ಬರೆಯುವ ಮುಂಚೆ ಮೊದಲ ಸಿನಿಮಾದ ಫೈಲ್ ತೆಗೆದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಹಕ್ಕು ಯಾರಿಗೆ ಹೋಗಿದೆ, ಯಾವ ತಾರೀಕಿಗೆ ವಾಪಸ್ ಬರುತ್ತದೆ, ಯಾವುದು ಇನ್ನೂ ಮಾರಿಲ್ಲ, ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು. ಆ ಹಾಳೆ ತುಂಬಿಸಲು ಒಂದು ಮಧ್ಯಾಹ್ನಕ್ಕಿಂತ ಜಾಸ್ತಿ ಹೊತ್ತು ಹಿಡಿದರೆ, ಚೆಕ್ ಒಂದು ತಿಂಗಳು ಮುಂದೆ ಹಾಕಿ, ಫೈಲ್ ಸರಿ ಮಾಡಿಕೊಳ್ಳಿ.